ಚೀನೀ ಟಾನಿಕ್ ಮೂಲಿಕೆಗಳು: ಯಾರು ಹುಷಾರಾಗಿರಬೇಕು?

ಚೀನೀ ವೈದ್ಯದಲ್ಲಿ ಟಾನಿಕ್ ಅಂದರೆ ದೇಹದಲ್ಲಿ ಕಡಿಮೆಯಾಗಿರುವುದನ್ನು ತುಂಬಿಕೊಡುವ ಮದ್ದು. ಚೀ (ದೇಹದ ಚೈತನ್ಯ), ರಕ್ತ, ಯಿನ್ (ತಂಪು, ತೇವದ ಅಂಶ), ಯಾಂಗ್ (ಬಿಸಿಯ ಅಂಶ) ಅಂತ ನಾಲ್ಕು ಗುಂಪು. ಜಿನ್ಸೆಂಗ್ ಮತ್ತು ಹುವಾಂಗ್ ಚೀ (ಅಸ್ಟ್ರಾಗಲಸ್ ಬೇರು) ಮೊದಲ ಗುಂಪಿನವು, ದಾಂಗ್ ಗುಯಿ (ಏಂಜೆಲಿಕಾ ಬೇರು) ಮತ್ತು ಶು ದಿ ಎರಡನೆಯದರವು. ಕೊರತೆ ಇಲ್ಲದವರಿಗೆ ಇವು ಬೇಡ ಅಂತ ಆ ಪದ್ಧತಿಯೇ ಹೇಳುತ್ತದೆ. ಶಕ್ತಿ ಬರಲಿ ಅಂತ ಸುಮ್ನೆ ಕುಡಿಯುವವರು ಮರೆಯುವುದು ಇದನ್ನೇ.

ನೆಗಡಿ, ಜ್ವರ ಇರುವಾಗ ಟಾನಿಕ್ ಕೊಡುವುದೆಂದರೆ ಕಳ್ಳನನ್ನು ಒಳಗೆ ಬಿಟ್ಟು ಬಾಗಿಲು ಹಾಕಿದ ಹಾಗೆ ಅನ್ನುತ್ತಾರೆ ಚೀನೀ ವೈದ್ಯರು. ಜೀರ್ಣಶಕ್ತಿ ಕಮ್ಮಿ ಇರುವವರಿಗೂ ಎಚ್ಚರಿಕೆ ಇದೆ. ಶು ದಿ ಅನ್ನುವುದು ಬೇಯಿಸಿ ಒಣಗಿಸಿದ ರೆಹ್ಮಾನಿಯಾ ಬೇರು. ಕಪ್ಪಗೆ, ಅಂಟಂಟಾಗಿ, ಸಿಹಿಯಾಗಿರುತ್ತದೆ. ಇಂಥವರಿಗೆ ಅದರಿಂದ ಹೊಟ್ಟೆ ಉಬ್ಬರ, ಭೇದಿ ಆಗಬಹುದು. ಅದಕ್ಕೇ ಏಲಕ್ಕಿ ಕುಟುಂಬದ ಶಾ ರೆನ್ ಅನ್ನು ಜೊತೆಗೆ ಹಾಕುವ ರೂಢಿ ಇದೆ.

ಇನ್ನು ಇಂಗ್ಲಿಷ್ ಔಷಧಿ ತೆಗೆದುಕೊಳ್ಳುವವರು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುವವರು ದಾಂಗ್ ಗುಯಿ ತೆಗೆದುಕೊಂಡರೆ ರಕ್ತಸ್ರಾವದ ಅಪಾಯ ಜಾಸ್ತಿ. ಅಮೆರಿಕನ್ ಜಿನ್ಸೆಂಗ್ ಇದಕ್ಕೆ ಉಲ್ಟಾ, ವಾರ್ಫರಿನ್‌ನ ಪರಿಣಾಮವನ್ನೇ ತಗ್ಗಿಸುತ್ತದೆ. ಸಿಂಗಾಪುರ, ಮಲೇಷ್ಯಾಗಳಲ್ಲಿ ದಾಂಗ್ ಗುಯಿಯನ್ನು ಕೋಳಿ ಸೂಪ್‌ಗೆ ಹಾಕುತ್ತಾರೆ. ಅದು ಅವರಿಗೆ ಅಡುಗೆ, ಮದ್ದಲ್ಲ. ಹಾಗಾಗಿ ಡಾಕ್ಟರಿಗೆ ಹೇಳುವುದೂ ಇಲ್ಲ. ನೀವು ಮದ್ದು ಕೊಡುವವರಾದರೆ, ರೋಗಿಯನ್ನು ವಿಚಾರಿಸುವಾಗ ಸೂಪ್‌ಗೆ, ಚಹಾಕ್ಕೆ ಏನು ಹಾಕ್ತೀರಿ ಅಂತಲೂ ಕೇಳಿ.

ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಕಲಿಯಬೇಕಾದದ್ದು ಗಾನ್ ಚಾವ್. ನಮ್ಮ ಅತಿಮಧುರದ ಹತ್ತಿರದ ನೆಂಟ. ಬಹಳಷ್ಟು ಚೀನೀ ಕಷಾಯಗಳಲ್ಲಿ ಇದು ಇರುತ್ತದೆ. ಮೂತ್ರಪಿಂಡದಲ್ಲಿರುವ ಒಂದು ಕಿಣ್ವ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯ ಮಾಡುತ್ತಾ ಇರುತ್ತದೆ. ಗಾನ್ ಚಾವ್, ಅತಿಮಧುರ ಎರಡರಲ್ಲೂ ಇರುವ ಗ್ಲಿಸಿರೈಜಿನ್ ಅನ್ನುವ ಅಂಶ ಆ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್, ಅಲ್ಡೋಸ್ಟೆರಾನ್ ಅನ್ನುವ ಇನ್ನೊಂದು ಹಾರ್ಮೋನ್ ಮಾಡುವ ಕೆಲಸಕ್ಕೆ ಇಳಿಯುತ್ತದೆ. ಉಪ್ಪು, ನೀರು ದೇಹದಲ್ಲೇ ಉಳಿಯುತ್ತವೆ, ಪೊಟ್ಯಾಷಿಯಂ ಹೊರಗೆ ಹೋಗುತ್ತದೆ. ಬಿಪಿ ಏರುತ್ತದೆ, ಕಾಲು ಊದುತ್ತದೆ, ಸ್ನಾಯು ಸೋಲುತ್ತದೆ, ಹೃದಯದ ಬಡಿತ ತಪ್ಪಬಹುದು. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಹೃದಯದ ಔಷಧಿ ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಇದರಿಂದ ದೂರ ಇರಬೇಕು ಅನ್ನುವುದು ಈಗ ಅರ್ಥವಾಯಿತಲ್ವಾ?

ಲಿವರ್ ಕಾಯಿಲೆ ಇದ್ದರೆ ಹೆ ಶೋ ವು ಬೇಡ. ನರೆಗೂದಲು ಕಪ್ಪಾಗಲಿ ಅಂತ ತೆಗೆದುಕೊಳ್ಳುವ ಈ ಬೇರಿನಿಂದ ಆರೋಗ್ಯವಂತರ ಲಿವರ್ ಕೂಡ ಕೆಟ್ಟ ಉದಾಹರಣೆಗಳಿವೆ. ಸಕ್ಕರೆ ಕಾಯಿಲೆಯವರಲ್ಲಿ ಜಿನ್ಸೆಂಗ್ ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದು. ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಹುವಾಂಗ್ ಚೀ ಸಲ್ಲದು, ರೋಗನಿರೋಧಕ ಶಕ್ತಿಯನ್ನು ಕೆಣಕಬಹುದು. ಗರ್ಭಿಣಿಯರು ದಾಂಗ್ ಗುಯಿಯನ್ನು ಸ್ವಂತ ನಿರ್ಧಾರದಿಂದ ಕುಡಿಯಬಾರದು.

ಮೂಲಿಕೆ ಅದಲುಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಸೆಲ್ಸ್ ನೋಡಿ. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಮೂಲಿಕೆಯಲ್ಲಿ ಸರಿಯಾದ ಬೇರಿನ ಬದಲು ಅರಿಸ್ಟೊಲೋಕಿಯಾ ಅನ್ನುವ ವಿಷಕಾರಿ ಗಿಡದ ಬೇರು ಸೇರಿಹೋಗಿತ್ತು. ಅನೇಕ ಹೆಂಗಸರ ಮೂತ್ರಪಿಂಡ ವಿಫಲವಾದವು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಅರಿಸ್ಟೊಲೋಕಿಯಾ ಕುಲದ್ದು, ಆದ್ದರಿಂದ ಈ ಪಾಠ ಚೀನೀ ಮದ್ದಿಗೆ ಮಾತ್ರ ಅಲ್ಲ.

ಆಪರೇಷನ್ ಇದ್ದರೆ ಕನಿಷ್ಠ 2 ವಾರ ಮೊದಲೇ ಮೂಲಿಕೆ ನಿಲ್ಲಿಸಬೇಕು ಅನ್ನುವುದು ಸಾಮಾನ್ಯ ಸಲಹೆ. ಆದರೆ ನಿಲ್ಲಿಸುವಾಗಲೂ ಡಾಕ್ಟರಿಗೆ ಹೇಳಲೇಬೇಕು. ಅಮೆರಿಕನ್ ಜಿನ್ಸೆಂಗ್ ಕುಡಿಯುತ್ತಿದ್ದಾಗ ಹೊಂದಿಸಿದ ವಾರ್ಫರಿನ್ ಪ್ರಮಾಣ, ಜಿನ್ಸೆಂಗ್ ಬಿಟ್ಟ ಮೇಲೆ ಅದೇ ರೋಗಿಗೆ ಜಾಸ್ತಿಯಾಗಬಹುದು.