ಖಾಲಿ ಟೆಕ್ಸ್ಟ್ ಬಾಕ್ಸ್ ಪುಟವನ್ನೇ ನುಂಗಿದ್ದೇಕೆ?

ಫಾರಂನಲ್ಲಿ ವಿಳಾಸ ಬರೆಯುವ ದೊಡ್ಡ ಬಾಕ್ಸ್ ಖಾಲಿ ಇರಬೇಕಿತ್ತು. ಆದರೆ ಪುಟದ ಉಳಿದ ಭಾಗವೆಲ್ಲ, ಸಬ್‌ಮಿಟ್ ಬಟನ್ನಿನ ಟ್ಯಾಗೂ ಸೇರಿ, ಬರೀ ಅಕ್ಷರವಾಗಿ ಅದರೊಳಗೆ ಬಿದ್ದಿತ್ತು. ಮೊದಲ ಸಲ ಇದನ್ನು ಕಂಡಾಗ ಅರ್ಧ ದಿನ, ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ತಡಕಾಡಿದೆ. ತಪ್ಪು ಅಲ್ಲಿರಲಿಲ್ಲ.

ಮಾಹಿತಿಯನ್ನು ಟ್ಯಾಗುಗಳಲ್ಲಿ ಬರೆದಿಡುವ ಭಾಷೆ ಎಕ್ಸ್‌ಎಂಎಲ್. 1998ರಲ್ಲಿ ಬಂದ ಅದರ 1.0 ಆವೃತ್ತಿಗೆ ಖಾಲಿ ಎಲಿಮೆಂಟನ್ನು (ಟ್ಯಾಗಿನಿಂದ ಗುರುತಿಸಿದ ಭಾಗವನ್ನು) ತೆರೆದು ಮುಚ್ಚಿದರೂ ಒಂದೇ, ಒಂದೇ ಟ್ಯಾಗಿಗೆ ಓರೆಗೆರೆ ಹಾಕಿ ಮುಗಿಸಿದರೂ ಒಂದೇ. ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ ಓದುವ ಬ್ರೌಸರ್‌ಗೆ ಹಾಗಲ್ಲ. ಟೆಕ್ಸ್ಟ್‌ಏರಿಯಾ, ಅಂದರೆ ಆ ದೊಡ್ಡ ಬಾಕ್ಸಿನ ಟ್ಯಾಗ್, ತೆರೆಯಿತೆಂದರೆ ಮುಚ್ಚುವ ಟ್ಯಾಗ್ ಸಿಗುವವರೆಗೂ ಬಂದದ್ದೆಲ್ಲ ಬಳಕೆದಾರ ಬರೆದದ್ದೇ ಎಂದು ಅದು ನಂಬುತ್ತದೆ. ಓರೆಗೆರೆಯನ್ನು ಲೆಕ್ಕಕ್ಕೇ ಇಡುವುದಿಲ್ಲ.

ಎಕ್ಸ್‌ಎಂಎಲ್ ಮಾಹಿತಿಯನ್ನು ಪುಟವಾಗಿ ಬದಲಿಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. 1999ರ ನವೆಂಬರ್‌ನಲ್ಲಿ ಬಂದ ಅದರ 1.0 ಆವೃತ್ತಿಗೆ ಈ ವ್ಯತ್ಯಾಸ ಗೊತ್ತಿತ್ತು. ಔಟ್‌ಪುಟ್ ವಿಧಾನ ಎಚ್‌ಟಿಎಂಎಲ್ ಎಂದು ಹೇಳಿದರೆ ಮುಚ್ಚುವ ಟ್ಯಾಗನ್ನು ತಾನೇ ಬರೆಯುತ್ತಿತ್ತು. ಎರಡೇ ತಿಂಗಳಲ್ಲಿ, ಎಚ್‌ಟಿಎಂಎಲ್ ಅನ್ನು ಎಕ್ಸ್‌ಎಂಎಲ್ ನಿಯಮಕ್ಕೆ ಒಗ್ಗಿಸಿದ ಎಕ್ಸ್‌ಎಚ್‌ಟಿಎಂಎಲ್ 1.0 ಬಂತು, ಗೊಂದಲವೂ ಬಂತು. ಜನ ಎಕ್ಸ್‌ಎಂಎಲ್ ವಿಧಾನದಲ್ಲಿ ಪುಟ ಬರೆಸಿ, ಎಚ್‌ಟಿಎಂಎಲ್ ಎಂಬ ಹೆಸರಿನಲ್ಲೇ ಬ್ರೌಸರ್‌ಗೆ ಕಳಿಸಿದರು. ಖಾಲಿ ಬಾಕ್ಸು ಓರೆಗೆರೆಯ ಒಂದೇ ಟ್ಯಾಗಾಗಿ ಹೋಗಿ ಪುಟವನ್ನು ನುಂಗಿತು. ಎಕ್ಸ್‌ಎಚ್‌ಟಿಎಂಎಲ್‌ಗೆಂದೇ ಪ್ರತ್ಯೇಕ ವಿಧಾನ ಸಿಕ್ಕಿದ್ದು 2007ರಲ್ಲಿ, ಎಕ್ಸ್‌ಎಸ್‌ಎಲ್‌ಟಿ 2.0 ಬಂದಾಗ.

ನಡುವಿನ ಏಳು ವರ್ಷ ತೇಪೆ ಕೆಲಸ. ಖಾಲಿ ಬಾಕ್ಸಿಗೆ ಕಾಮೆಂಟ್ (ಪುಟದಲ್ಲಿ ಕಾಣಬಾರದ ಟಿಪ್ಪಣಿ) ತುರುಕಿದರೆ ಆ ಕಾಮೆಂಟೇ ಬಾಕ್ಸಿನಲ್ಲಿ ಕಾಣಿಸುತ್ತಿತ್ತು. ಒಂದು ಸ್ಪೇಸ್ ಹಾಕಿದರೆ ಪುಟವೇನೋ ಉಳಿಯಿತು, ಆದರೆ 'ಕಡ್ಡಾಯವಾಗಿ ತುಂಬಿ' ಎಂಬ ತಪಾಸಣೆ ಆ ಸ್ಪೇಸನ್ನೇ ಉತ್ತರವೆಂದು ಒಪ್ಪಿಕೊಳ್ಳುತ್ತಿತ್ತು.

ಬಾಕ್ಸಿನಲ್ಲಿ ಬರಹ ಇದ್ದಾಗಿನ ಪಾಡು ಇನ್ನೂ ಸೂಕ್ಷ್ಮ. ಖಾಲಿ ಜಾಗವನ್ನು ಉಳಿಸಿಕೊಳ್ಳುವಂತೆ ಹೇಳಿದ್ದರೆ, ಸ್ಟೈಲ್‌ಶೀಟನ್ನು (ಎಕ್ಸ್‌ಎಸ್‌ಎಲ್‌ಟಿಯಲ್ಲಿ ಬರೆದ ಕಡತವನ್ನು) ಅಂದವಾಗಿ ಜೋಡಿಸುವಾಗ ಟೆಕ್ಸ್ಟ್‌ಏರಿಯಾದೊಳಗೆ ನುಸುಳಿದ ಜಾಗ ಬರಹದ ಭಾಗವಾಗುತ್ತದೆ. ಪ್ರತಿ ಸಲ ಸೇವ್ ಮಾಡಿದಾಗಲೂ ವಿಳಾಸ ಇನ್ನಷ್ಟು ಬಲಕ್ಕೆ ಸರಿಯುತ್ತದೆ. ಇದಕ್ಕೆ ಖಾಲಿ ಜಾಗ ಕಡಿಮೆ ಮಾಡುವ ನಾರ್ಮಲೈಸ್-ಸ್ಪೇಸ್ ಎಂಬ ಸೌಲಭ್ಯ ಬಳಸುವುದು ನನ್ನ ಪ್ರಕಾರ ನೆಗಡಿಗೆ ಮೂಗು ಕೊಯ್ದಂತೆ: ಅಂಚಿನ ಜಾಗ ಹೋಗುತ್ತದೆ, ನಾಲ್ಕು ಸಾಲಿನ ವಿಳಾಸ ಒಂದೇ ಸಾಲೂ ಆಗುತ್ತದೆ. ಇನ್ನು ಮೂಲ ಎಕ್ಸ್‌ಎಂಎಲ್‌ನಲ್ಲಿ ವಿಳಾಸವನ್ನು ಆಟ್ರಿಬ್ಯೂಟಿನಲ್ಲಿ (ತೆರೆಯುವ ಟ್ಯಾಗಿನೊಳಗೇ ಕೊಡುವ ಮೌಲ್ಯದಲ್ಲಿ) ನೇರವಾಗಿ ಬರೆದಿಟ್ಟಿದ್ದರೆ ಸ್ಟೈಲ್‌ಶೀಟನ್ನು ಬೈದು ಪ್ರಯೋಜನವಿಲ್ಲ. ಅಲ್ಲಿನ ಸಾಲುಗಳ ತುದಿಯನ್ನು ಎಕ್ಸ್‌ಎಂಎಲ್ ಓದುವ ಪಾರ್ಸರ್ ಮೊದಲೇ ಸ್ಪೇಸ್ ಮಾಡಿರುತ್ತದೆ.

ಕೊನೆಯ ತೊಡಕು ಎಚ್‌ಟಿಎಂಎಲ್‌ನ ಹಿರಿಯ ಭಾಷೆಯಾದ ಎಸ್‌ಜಿಎಂಎಲ್ ಕಾಲದ್ದು. ತೆರೆಯುವ ಟ್ಯಾಗಿನ ಬೆನ್ನಿಗೇ ಸಾಲು ಮುರಿದರೆ ಅದನ್ನು ಬಿಟ್ಟುಬಿಡಬೇಕು ಎಂಬ ನಿಯಮ ಎಚ್‌ಟಿಎಂಎಲ್ 4ರಲ್ಲಿತ್ತು. ಎಚ್‌ಟಿಎಂಎಲ್5 ಟೆಕ್ಸ್ಟ್‌ಏರಿಯಾಕ್ಕೆ ಅದನ್ನು ಉಳಿಸಿಕೊಂಡಿದೆ. ಹೀಗಾಗಿ ಖಾಲಿ ಸಾಲಿನಿಂದ ಶುರುವಾಗುವ ಬರಹ ಪ್ರತಿ ಎಡಿಟ್‌ಗೆ ಒಂದು ಸಾಲು ಕಳೆದುಕೊಳ್ಳುತ್ತದೆ. ಟ್ಯಾಗ್ ತೆರೆದ ಕೂಡಲೇ ನಾವೇ ಒಂದು ಹೊಸ ಸಾಲು ಹಾಕಿಬಿಟ್ಟರೆ ಬ್ರೌಸರ್ ಅದನ್ನು ತಿಂದು ಸುಮ್ಮನಾಗುತ್ತದೆ, ಬರಹದ ತಂಟೆಗೆ ಬರುವುದಿಲ್ಲ.