ಸ್ವಿಚಿಂಗ್ ಕಾಸ್ಟ್: ಹರಾಜು ತಾಣ ಬದಲಿಸುವ ಮುಂಚೆ ಹಾಕಬೇಕಾದ ಲೆಕ್ಕ

2008ರ ಫೆಬ್ರವರಿಯಲ್ಲಿ ಆನ್‌ಲೈನ್ ಹರಾಜು ತಾಣ ಈಬೇ ಅಮೆರಿಕದ ಮಾರಾಟಗಾರರ ಶುಲ್ಕವನ್ನು ಬದಲಿಸಿತು. ಸಾಮಾನು ಹರಾಜಿಗೆ ಹಾಕುವ ಫೀ ಸ್ವಲ್ಪ ಇಳಿಯಿತು. ಆದರೆ ಮಾರಿದ ಮೇಲೆ ಕೊಡುವ ಕಮಿಷನ್, ಮೊದಲ 25 ಡಾಲರ್ ಮೇಲೆ, ಶೇ. 5.25ರಿಂದ 8.75ಕ್ಕೆ ಏರಿತು. ಮಾರುವವರು ಇನ್ನುಮುಂದೆ ಗಿರಾಕಿಗಳಿಗೆ ಕೆಟ್ಟ ಫೀಡ್‌ಬ್ಯಾಕ್ ಹಾಕುವಂತಿಲ್ಲ ಎಂಬ ನಿಯಮವೂ ಜೊತೆಗೆ ಬಂತು. ಸಣ್ಣ ವ್ಯಾಪಾರಿಗಳು ರೊಚ್ಚಿಗೆದ್ದರು. ಅನೇಕರು ಒಂದು ವಾರ ಯಾವ ಸಾಮಾನನ್ನೂ ಹಾಕದೆ ಪ್ರತಿಭಟಿಸಿದರು. ಬೇರೆ ತಾಣಕ್ಕೆ ಹೋಗಿಬಿಡೋಣ ಎಂಬ ಮಾತೂ ಜೋರಾಗಿಯೇ ಇತ್ತು. ಹಾಗಂತ ಎಲ್ಲರೂ ಗಂಟುಮೂಟೆ ಕಟ್ಟಲಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದನ್ನೇ ಅರ್ಥಶಾಸ್ತ್ರದಲ್ಲಿ ಸ್ವಿಚಿಂಗ್ ಕಾಸ್ಟ್ ಎನ್ನುತ್ತಾರೆ.

ಒಂದು ಸೇವೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ತೆರಬೇಕಾದ ಬೆಲೆಯೆಲ್ಲ ಇದರೊಳಗೆ ಬರುತ್ತದೆ. ಬರೀ ದುಡ್ಡಲ್ಲ, ಸಮಯ, ಹೊಸದನ್ನು ಕಲಿಯುವ ತಾಪತ್ರಯ, ಹಳೆಯ ಜಾಗದಲ್ಲಿ ಗಳಿಸಿದ್ದ ಹೆಸರು, ಎಲ್ಲವೂ. ನಮ್ಮ ದೇಶದಲ್ಲಿ 2011ಕ್ಕೆ ಮುಂಚೆ ಮೊಬೈಲ್ ಕಂಪನಿ ಬದಲಿಸಿದರೆ ನಂಬರೇ ಹೋಗುತ್ತಿತ್ತು. ಆ ಭಯಕ್ಕೇ ಎಷ್ಟೋ ಜನ ಹಳೇ ಕಂಪನಿಯಲ್ಲೇ ಉಳಿದಿದ್ದರು. ನಂಬರ್ ಪೋರ್ಟಬಿಲಿಟಿ ಬಂದ ಮೇಲೆ ಈ ವೆಚ್ಚ ತುಂಬಾ ಇಳಿಯಿತು. ಹರಾಜು ತಾಣಗಳಲ್ಲಿ ಮಾರುವವರಿಗೆ ಇಂಥ ಅನುಕೂಲವಿಲ್ಲ. ಅವರ ಮಟ್ಟಿಗೆ ನಂಬರ್ ಇದ್ದ ಹಾಗೆ ಇರುವುದು ಫೀಡ್‌ಬ್ಯಾಕ್.

ಈಬೇಯಲ್ಲಿ ಫೀಡ್‌ಬ್ಯಾಕ್ ಅಂಕ 10 ಆದರೆ ಹೆಸರಿನ ಪಕ್ಕ ಹಳದಿ ನಕ್ಷತ್ರ, 50 ಆದರೆ ನೀಲಿ, 1000 ದಾಟಿದರೆ ಕೆಂಪು. ಮುಖ ನೋಡದ ವ್ಯಕ್ತಿಗೆ ಮುಂಗಡವಾಗಿ ದುಡ್ಡು ಕಳಿಸುವಾಗ ಗಿರಾಕಿ ನಂಬುವುದು ಇದನ್ನೇ. ಈ ನಂಬಿಕೆಗೆ ಎಷ್ಟು ಬೆಲೆ ಎಂದು ಮಿಶಿಗನ್ ವಿಶ್ವವಿದ್ಯಾಲಯದ ಪಾಲ್ ರೆಸ್ನಿಕ್ ಮತ್ತು ಜೊತೆಗಾರರು ಅಳೆದು ನೋಡಿದರು. ಹಳೆಯ ಪೋಸ್ಟ್‌ಕಾರ್ಡ್ ಮಾರುವ, ಒಳ್ಳೆ ಹೆಸರಿದ್ದ ಒಬ್ಬ ವ್ಯಾಪಾರಿ ಒಂದೇ ಥರದ ಕಾರ್ಡ್‌ಗಳನ್ನು ತನ್ನ ಹಳೇ ಖಾತೆಯಲ್ಲೂ, ಯಾರಿಗೂ ಗೊತ್ತಿಲ್ಲದ ಹೊಸ ಖಾತೆಗಳಲ್ಲೂ ಹರಾಜಿಗೆ ಹಾಕಿದರು. ಗಿರಾಕಿಗಳು ಹಳೇ ಖಾತೆಗೆ ಶೇ. 8.1ರಷ್ಟು ಜಾಸ್ತಿ ಕೊಡಲು ಸಿದ್ಧರಿದ್ದರು. ಮಾರುವ ವ್ಯಕ್ತಿ ಒಬ್ಬರೇ, ಮಾಲೂ ಒಂದೇ. ಖಾತೆಯ ವಯಸ್ಸು ಮಾತ್ರ ಬೇರೆ.

ಹಾಗಾದರೆ ಆ ಹೆಸರನ್ನು ಹೊಸ ತಾಣಕ್ಕೆ ಒಯ್ಯಬಹುದಲ್ವಾ? 1999ರಲ್ಲಿ ಅಮೆಜಾನ್ ತನ್ನದೇ ಹರಾಜು ವಿಭಾಗ ತೆರೆದಾಗ ಇದನ್ನೇ ಮಾಡಲು ಹೋಯಿತು. ಈಬೇಯ ರೇಟಿಂಗ್ ಅನ್ನು ತನ್ನಲ್ಲಿಗೆ ತಂದುಕೊಳ್ಳಲು ಮಾರಾಟಗಾರರಿಗೆ ಬಿಟ್ಟಿತು. ಆ ರೇಟಿಂಗ್ ನಮ್ಮ ಸ್ವತ್ತು ಎಂದು ಈಬೇ ಗಟ್ಟಿಯಾಗಿ ವಿರೋಧಿಸಿತು, ಅಮೆಜಾನ್ ಹಿಂದೆ ಸರಿಯಿತು. ವರ್ಷಗಟ್ಟಲೆ ಪ್ಯಾಕ್ ಮಾಡಿ, ಹೊತ್ತಿಗೆ ಸರಿಯಾಗಿ ಪೋಸ್ಟ್ ಮಾಡಿ ಗಳಿಸಿದ ಹೆಸರು ಮಾರಿದವರದ್ದಲ್ಲ ಎಂದರೆ ಅದು ಅನ್ಯಾಯ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎರಡು ಮಾತಿಲ್ಲ.

ತಾಣ ಬದಲಿಸಿದರೆ ಫೋಟೊ, ವಿವರ ಎಲ್ಲ ಮತ್ತೆ ಹಾಕಬೇಕು, ಅಂಚೆ ವೆಚ್ಚ ಮತ್ತೆ ಹೊಂದಿಸಬೇಕು. ಅದೆಲ್ಲ ಕೆಲವು ದಿನದ ಕೆಲಸ. ನಿಜವಾಗಿ ಕೈ ಕಚ್ಚುವುದು ಇನ್ನೊಂದಿದೆ: ಕೂಗುವವರ ಸಂಖ್ಯೆ.

ಒಂದು ಹಳೇ ಕ್ಯಾಮೆರಾವನ್ನು 10 ಡಾಲರ್‌ನಿಂದ ಹರಾಜಿಗೆ ಇಟ್ಟಿದ್ದೀರಿ ಅಂದುಕೊಳ್ಳಿ. ಒಬ್ಬರು 80 ಡಾಲರ್‌ವರೆಗೆ ಹೋಗಲು ತಯಾರು, ಇನ್ನೊಬ್ಬರು 74, ಮತ್ತೊಬ್ಬರು 50. ಈಬೇಯಲ್ಲಿ ಗೆದ್ದವರು ಕೊಡುವುದು ಎರಡನೆಯವರ ಕೂಗಿಗಿಂತ ಒಂದು ಮೆಟ್ಟಿಲು ಮೇಲೆ. ಈ ದರದಲ್ಲಿ ಆ ಮೆಟ್ಟಿಲು 1 ಡಾಲರ್. ಅಂದರೆ ಕ್ಯಾಮೆರಾ 75ಕ್ಕೆ ಹೋಗುತ್ತದೆ. ಇದನ್ನೇ ಹೊಸ ತಾಣದಲ್ಲಿ ಹಾಕಿದಾಗ ಆ 80ರ ಗಿರಾಕಿ ಒಬ್ಬರೇ ನೋಡಿದರು ಎನ್ನಿ. ಎದುರು ಯಾರೂ ಕೂಗುವುದಿಲ್ಲ, ಕ್ಯಾಮೆರಾ 10 ಡಾಲರ್‌ಗೇ ಹೋಗುತ್ತದೆ. 2008ರ ಹೊಸ ದರದಲ್ಲೂ 75 ಡಾಲರ್ ಮೇಲಿನ ಕಮಿಷನ್ 4 ಡಾಲರ್‌ಗಿಂತ ಕಡಿಮೆ. ಅದನ್ನು ಉಳಿಸಲು ಹೋಗಿ 65 ಡಾಲರ್ ಕಳೆದುಕೊಂಡಂತಾಯಿತು. ಹರಾಜಿನಲ್ಲಿ ಬೆಲೆ ಕಟ್ಟುವುದು ಗೆದ್ದವರಲ್ಲ, ಸೋತ ಎರಡನೆಯವರು.

ಯಾಹೂ ಇದನ್ನು ಎರಡೂ ಕಡೆಯಿಂದ ಕಂಡಿತು. ಅಮೆರಿಕದಲ್ಲಿ 1998ರಲ್ಲಿ ಹರಾಜು ಶುರು ಮಾಡಿದಾಗ ಫೀ ಇರಲಿಲ್ಲ. ಮಾಲು ಬಂತು, ಆದರೆ ಕೂಗುವ ಜನ ಈಬೇಯಲ್ಲೇ ಇದ್ದರು. 2001ರಲ್ಲಿ ಫೀ ಹಾಕಿದ್ದೇ ತಡ, ಮಾಲೂ ಕರಗಿತು. 2007ರಲ್ಲಿ ಬಾಗಿಲು ಹಾಕಿತು. ಜಪಾನಿನಲ್ಲಿ ತಿರುಗುಮುರುಗು. ಅಲ್ಲಿ ಯಾಹೂ 1999ರಲ್ಲೇ ಬಂದು ಜನ ಸೇರಿಸಿತ್ತು. ಕೆಲವೇ ತಿಂಗಳು ತಡವಾಗಿ, 2000ದಲ್ಲಿ ಕಾಲಿಟ್ಟ ಈಬೇ 2002ರಲ್ಲಿ ವಾಪಸ್ ಹೋಯಿತು.

ಎರಡೂ ಕಡೆ ಕಾಲಿಟ್ಟರಾಯಿತು ಎನ್ನುವವರಿದ್ದಾರೆ. ನಿಗದಿ ಬೆಲೆಯ ಮಾಲಿಗೆ ಅದು ಸರಿ. ಒಂದೇ ಥರದ 50 ಬಟ್ಟಲು ಇದ್ದರೆ ಎಲ್ಲಿ ಬೇಕಾದರೂ ಹಾಕಬಹುದು. ಆದರೆ ಇರುವುದೊಂದೇ ಕ್ಯಾಮೆರಾವನ್ನು ಎರಡು ತಾಣದಲ್ಲಿ ಒಟ್ಟಿಗೆ ಹರಾಜಿಗಿಟ್ಟರೆ ಇಬ್ಬರು ಗೆಲ್ಲುತ್ತಾರೆ, ಒಬ್ಬರಿಗೆ ಮಾತು ತಪ್ಪಬೇಕಾಗುತ್ತದೆ. 2005ರಲ್ಲಿ ಶುರುವಾದ ಎಟ್ಸಿಗೆ ಕೈಕಸುಬಿನವರು ಹೋಗುವುದು ಸುಲಭವಾಗಿದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ಹರಾಜಿಲ್ಲ, ನಿಗದಿ ಬೆಲೆ. ಬರುವ ಗಿರಾಕಿಗಳೂ ಕೈಯಲ್ಲಿ ಮಾಡಿದ್ದನ್ನೇ ಹುಡುಕಿ ಬರುವವರು.

ಕೆಲವೊಮ್ಮೆ ಆಯ್ಕೆಯೇ ಇರುವುದಿಲ್ಲ. 2004ರಲ್ಲಿ ಬಾಝೀ.ಕಾಮ್ ಅನ್ನು ಕೊಂಡು ಭಾರತಕ್ಕೆ ಬಂದ ಈಬೇ, 2017ರಲ್ಲಿ ಇಲ್ಲಿನ ವ್ಯವಹಾರವನ್ನು ಬೆಂಗಳೂರಿನ ಫ್ಲಿಪ್‌ಕಾರ್ಟ್‌ಗೆ ಬಿಟ್ಟುಕೊಟ್ಟಿತು. 2018ರ ಆಗಸ್ಟ್‌ನಲ್ಲಿ ಈಬೇ.ಇನ್ ಮುಚ್ಚಿತು. ಅಲ್ಲಿ ಮಾರುತ್ತಿದ್ದವರು ಬೇಕಿರಲಿ ಬೇಡವಿರಲಿ, ಬೇರೆ ಜಾಗ ಹುಡುಕಲೇಬೇಕಾಯಿತು.

ಆಯ್ಕೆ ಇರುವವರು ಹೊಸ ತಾಣದ ಫೀ ಪಟ್ಟಿ ನೋಡುವ ಮುಂಚೆ ಅಲ್ಲಿ ಮುಗಿದ ಹರಾಜುಗಳನ್ನು ನೋಡಬೇಕು. ನಿಮ್ಮ ಥರದ ಮಾಲಿಗೆ ಎಷ್ಟು ಜನ ಕೂಗಿದ್ದಾರೆ, ಎಷ್ಟು ಮಾಲು ಬೋಣಿಯಾಗದೆ ಹಾಗೇ ಉಳಿದಿದೆ ಎಣಿಸಿ. ಆಮೇಲೆ ಕಡಿಮೆ ಬೆಲೆಯ ಒಂದೆರಡು ಸಾಮಾನು ಹಾಕಿ ನೋಡಿ. ಹಳೇ ಖಾತೆಯನ್ನು ಮಾತ್ರ ಮುಚ್ಚಬೇಡಿ.