ಊರ ಗಾಯರಾಣದಾಗ ಗಿಡ ಹಚ್ಚಿದ್ರ ಪ್ರಾಣಿ-ಪಕ್ಷಿ ಬರ್ತಾವೇನ್ರಿ?

ಪ್ರಶ್ನೆ: ನಮ್ದು ಶಿರಹಟ್ಟಿ ತಾಲೂಕಿನ ಸಣ್ಣ ಊರು. ಊರ ಹಿಂದ ಗಾಯರಾಣ, ಅಂದ್ರ ಊರ ದನಾ ಮೇಯೋ ಜಾಗ ಐತಿ, ಬರೇ ಹುಲ್ಲು, ಕಲ್ಲು, ಅಲ್ಲೊಂದು ಇಲ್ಲೊಂದು ಕಂಟಿ, ಖಾಲಿ ಬಿದ್ದೈತಿ. ಈ ಸಲ ಪರಿಸರ ದಿನಕ್ಕ ನಮ್ಮ ಯುವಕ ಸಂಘದವ್ರು ಅಲ್ಲಿ 500 ಗಿಡ ಹಚ್ಚಬೇಕಂತ ಮಾಡೇವಿ. ಕಾಡು ಆದ್ರ ಪ್ರಾಣಿ ಪಕ್ಷಿ ತಾವ ಬರ್ತಾವ ಹೌದಲ್ರಿ? ಯಾವ ಗಿಡ ಛಲೋ?

ಉತ್ತರ: ಜೂನ್ ಹತ್ರ ಬಂತಂದ್ರ ಗದಗ, ಹಾವೇರಿ, ಧಾರವಾಡ ಮೂರೂ ಕಡೆಯಿಂದ ಇದೇ ಪ್ರಶ್ನೆ ಬರ್ತೈತಿ. ಮದ್ಲ ಉತ್ತರ ಹೇಳಿಬಿಡ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ: ಅಲ್ಲಿ ಹಚ್ಚಬ್ಯಾಡ್ರಿ. ಊರಾಗ ಹಚ್ರಿ, ಸಾಲಿ ಕಂಪೌಂಡಿನ್ಯಾಗ ಹಚ್ರಿ, ಹೊಲದ ಬದುವಿನ ಮ್ಯಾಲ ಹಚ್ರಿ, ಆದ್ರ ಆ ಹುಲ್ಲುಗಾವಲಿನ್ಯಾಗ ಬ್ಯಾಡ. ಅಲ್ಲಿ ಪ್ರಾಣಿ ಪಕ್ಷಿ ಈಗಾಗ್ಲೇ ಅದಾವ, ನೀವು ಗಿಡ ಹಚ್ಚಿದ್ರ ಅವು ಬಿಟ್ಟು ಹೋಗ್ತಾವ.

ಯಾಕಂದ್ರ ನಮ್ಮ ಬಯಲಸೀಮಿ ಪ್ರಾಣಿಗೋಳು ಬಯಲಿಗೇ ಹುಟ್ಟಿದವು. ಚಿಗರಿನ್ನ ತಗೋರಿ, ಅದ ಕೃಷ್ಣಮೃಗ. ತೋಳ ಬಂತಂದ್ರ ಅದಕ್ಕ ಕಂಟ್ಯಾಗ ಅಡಗಿ ಕುಂದ್ರಾಕ ಬರಂಗಿಲ್ಲ, ದೂರದಿಂದ ನೋಡಬೇಕು, ನೋಡಿ ಓಡಬೇಕು, ತಾಸಿಗೆ 80 ಕಿಲೋಮೀಟರ್ ಹತ್ರ ಓಡ್ತೈತಿ, ಆದ್ರ ಅದಕ್ಕ ಕಣ್ಣೆದುರಿಗೆ ತೆರಪು ಬೇಕಲ್ರಿ. ಮರಿ ಹಾಕಿದ ಮ್ಯಾಲ ಆ ಮರಿ ಕೆಲವು ದಿನ ಹುಲ್ಲಿನ್ಯಾಗ ಮಿಸುಕಾಡದ ಮಲಗಿರ್ತೈತಿ, ತಾಯಿ ಬಂದು ಕುಡಿಸಿ ಹೋಗ್ತೈತಿ. ಹುಲ್ಲು ಹೋತಂದ್ರ ಮರಿ ಇಡಾಕೂ ಜಾಗ ಇಲ್ಲ.

ಇದನ್ನ ನಾವು ಪುಸ್ತಕ ಓದಿ ತಿಳ್ಕೋಬೇಕಿಲ್ಲ, ಹಾವೇರಿ ಜಿಲ್ಲಾದಾಗ ರಾಣೆಬೆನ್ನೂರು ಐತಿ. 1974ರಾಗ ಚಿಗರಿ ಸಲುವಾಗೇ 119 ಚದರ ಕಿಲೋಮೀಟರ್ ಅಭಯಾರಣ್ಯ ಅಂತ ಘೋಷಣೆ ಮಾಡಿದ್ರು, ಛಲೋ ಕೆಲಸ. ಆದ್ರ ಅದಕ್ಕೂ ಮದ್ಲಿಂದ ಅಲ್ಲಿ ಹುಲ್ಲುಗಾವಲನ್ನ ಕಡದು ಸಾಲಾಗಿ ನೀಲಗಿರಿ ಹಚ್ಕೊಂಡು ಬಂದಿದ್ರು, ಹೋಗಿ ನೋಡಿದ್ರ ಈಗ್ಲೂ ಕಾಣ್ತೈತಿ. ನೀಲಗಿರಿ ಬುಡಕ್ಕ ಮೇವು ಬೆಳ್ಯಂಗಿಲ್ಲ, ಚಿಗರಿ ಅಲ್ಲಿ ಮಲಗಾಕ ನಿಲ್ಲಾಕ ಹೋಗ್ತಾವ, ಮೇಯಾಕ ಮಾತ್ರ ಸುತ್ತಲಿನ ಹೊಲಕ್ಕ ಬರ್ತಾವ, ಆಮ್ಯಾಲ ರೈತ್ರು ಬೈದ್ರ ಯಾರ ತಪ್ಪು ಹೇಳ್ರಿ. ಚಿಗರಿ ಹೆಂಗೋ ಹೊಂದ್ಕೊಂಡ್ವು. ಹೊಂದ್ಕೊಳ್ಳಾಕ ಆಗದಿದ್ದದ್ದು ಎರೆಭೂತ.

ಎರೆಭೂತ ಅಂದ್ರ ಹಳಬರಿಗೆ ಗೊತ್ತಿರತೈತಿ, ಮಂದಿ ಸೊಂಟದತನಾ ಬರೋ ಎತ್ತರದ ಹಕ್ಕಿ, ಗಂಡು 15 ಕೆಜಿತನಾ ತೂಗ್ತೈತಿ, ಹಾರೋ ಹಕ್ಕಿಗೋಳಾಗ ಇಷ್ಟ್ ಭಾರ ಇರೋವು ಬೆರಳೆಣಿಕೆ. ಗೂಡು ಕಟ್ಟಂಗಿಲ್ಲ, ಬಯಲ ನೆಲದ ಮ್ಯಾಲ ಸಾಮಾನ್ಯವಾಗಿ ಒಂದೇ ಒಂದು ತತ್ತಿ ಇಡ್ತೈತಿ. ರಾಣೆಬೆನ್ನೂರು ಒಂದ್ ಕಾಲಕ್ಕ ಈ ಹಕ್ಕಿಗೂ ಹೆಸರಾಗಿತ್ತು, ಈಗ ಅಲ್ಲಿಲ್ಲ. ಇಡೀ ಕರ್ನಾಟಕದಾಗ ಬಳ್ಳಾರಿ ಜಿಲ್ಲಾ ಸಿರುಗುಪ್ಪದ ಕಡೆ ಬೆರಳಿನ್ಯಾಗ ಎಣಿಸೋವಷ್ಟು ಉಳದಾವ, ದೇಶದಾಗೆಲ್ಲ ಕೂಡಿಸಿದ್ರೂ ಬಯಲಿನ್ಯಾಗ ಇರೋವು 150ರ ಆಸುಪಾಸು ಅಷ್ಟ. ಬ್ಯಾಟಿ ಒಂದು ಕಾರಣ, ಕರೆಂಟ್ ವಾಯರಿಗೆ ಬಡದು ಸಾಯೋದು ಒಂದು ಕಾರಣ, ಆದ್ರ ಹುಲ್ಲುಗಾವಲು ಹೋಗಿದ್ದು ಎಲ್ಲಾಕ್ಕಿಂತ ಮದ್ಲಿನ ಪೆಟ್ಟು. ನನ್ನ ಕೇಳಿದ್ರ, ಹಸರು ಕಂಡ್ರ ಪರಿಸರ ಅಂತ ತಿಳ್ಕೊಂಡ ನಮ್ಮ ಚಟಾನೇ ಈ ಹಕ್ಕಿಗೆ ಮುಳುವಾತು.

ಇನ್ನ ನಿಮ್ಮ ಗಾಯರಾಣದಾಗ ಏನೇನೈತಿ ಅಂತ ನೋಡೋದು ಹೆಂಗ? ಮದ್ಲ ಕುರಿ ಕಾಯೋರನ್ನ ಕೇಳ್ರಿ. ತೋಳ ಯಾವ ದಿಕ್ಕಿನಿಂದ ಬರ್ತೈತಿ, ನರಿ ಗುದ್ದು ಎಲ್ಲೈತಿ, ಗೌಜಗ ಯಾವ ಕಂಟ್ಯಾಗಿಂದ ಏಳ್ತೈತಿ ಎಲ್ಲಾ ಅವರಿಗೆ ಗೊತ್ತು, ಯಾವ ಸರ್ವೇದಾಗೂ ಅಷ್ಟು ಸಿಗಂಗಿಲ್ಲ. ಆಮ್ಯಾಲ ಹೊತ್ತು ಹುಟ್ಟೂದ್ರಾಗ ನೀವ ಒಂದ್ ಸುತ್ತು ಹಾಕ್ರಿ, ಜಗ್ಗಿ ಮಂದಿ ಬ್ಯಾಡ, ಇಬ್ರು ಸಾಕು. ಒಂದೇ ಜಾಗಾದಾಗ ರಾಶಿ ಹಿಕ್ಕಿ ಬಿದ್ದಿದ್ರ ಅದು ಗಂಡ್ ಚಿಗರಿ ತನ್ನ ಗಡಿ ಗುರುತು ಮಾಡಿದ್ದು. ಬೆಳ್ಳಗ ಸುಣ್ಣದಂಗ ಒಣಗಿದ ಲದ್ದಿ ಕಂಡ್ರ ಕತ್ತೆಕಿರುಬ ಇರಬಹುದು, ಎಲವು ತಿಂತೈತಲ್ಲ ಅದಕ್ಕ ಬೆಳ್ಳಗ. ಕೂದಲಾ ತುಂಬಿದ್ದ ಲದ್ದಿ ಆದ್ರ ತೋಳದ್ದು ಇರಬಹುದು. ಬ್ಯಾಸಿಗ್ಯಾಗ ಕಾಲಿಡೋಮುಂದ ನೆಲಾ ನೋಡ್ಕೋತ ಹೋಗ್ರಿ, ಟಿಟ್ಟಿಭ ಕಲ್ಲಿನ ನಡುವ ಕಲ್ಲಿನ ಬಣ್ಣದ್ದ ತತ್ತಿ ಇಟ್ಟಿರ್ತೈತಿ, ತಲಿ ಮ್ಯಾಲ ಚೀರ್ಕೋತ ಹಾರಾಡಿದ್ರ ಸುಮ್ನ ಹಿಂದಕ್ಕ ಸರೀರಿ. ಚಳಿಗಾಲದಾಗ ಹುಲ್ಲಿನ ಮ್ಯಾಲ ತಗ್ಗಿನ್ಯಾಗ ತೇಲ್ಕೋತ ಹೋಗೋ ಉದ್ದ ರೆಕ್ಕಿ ಹಕ್ಕಿ ಕಂಡ್ರ ಅದು ಸೆಳೆವ, ಮಧ್ಯ ಏಷ್ಯಾ ಕಡೆಯಿಂದ ನಮ್ಮ ಹೊಲದ ಮಿಡತಿ ತಿನ್ನಾಕ ಬರ್ತೈತಿ, ರಾತ್ರಿ ಹುಲ್ಲಿನ್ಯಾಗ ನೆಲದ ಮ್ಯಾಲೇ ಮಲಗ್ತೈತಿ. ಹಿಂಗ ಕಂಡ ಹಕ್ಕಿಗೋಳನ್ನ ಇ-ಬರ್ಡ್ ಅನ್ನೋ ಹಕ್ಕಿ ದಾಖಲೆ ಆ್ಯಪಿನ್ಯಾಗ ಬರೀರಿ, ಆದ್ರ ತೋಳದ ಗುದ್ದಿನ ಲೊಕೇಶನ್ ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬ್ಯಾಡ್ರಿ, ಮರುದಿನ ಅಲ್ಲಿ ಹೊಗಿ ಹಾಕೋರು ಬರ್ತಾರ.

"ಗಿಡಾ ಇಲ್ದಿದ್ರ ಮಳಿ ಹೆಂಗ್ ಬರ್ತೈತ್ರಿ" ಅಂತ ಕೇಳ್ತೀರಿ, ಗೊತ್ತು. ಗದಗ ಜಿಲ್ಲಾಕ್ಕ ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಬೀಳ್ತೈತಿ, ಅದು ಕಡಿಮಿ ಆಗಿರೋದು ಪಶ್ಚಿಮ ಘಟ್ಟದ ಮಳಿ ನೆರಳಿನ್ಯಾಗ ಇರೋದ್ರಿಂದ, ನಿಮ್ಮ 500 ಗಿಡದಿಂದ ಅದು ಬದಲಾಗಂಗಿಲ್ಲ. ಹುಲ್ಲಿನ ಬೇರು ಮಣ್ಣು ಹಿಡಿತೈತಿ, ನೀರು ಇಂಗಿಸ್ತೈತಿ, ಇಂಗಾಲಾನೂ ನೆಲದ ಒಳಗ ಇಡ್ತೈತಿ, ಬೆಂಕಿ ಬಿದ್ರೂ ಒಳಗಿನದು ಬಹಳಷ್ಟು ಉಳಿತೈತಿ. ಅಷ್ಟ.

ನಿಮ್ಮ ತಾಲೂಕಿನ್ಯಾಗೇ ಮಾಗಡಿ ಕೆರಿ ಐತಿ ನೋಡ್ರಿ, ಅದ ದೊಡ್ಡ ಪಾಠ. ಮಳಿ ನೀರು ಹಿಡ್ಯಾಕ, ನೀರಾವರಿಗೆ ಅಂತ ಮಂದಿ ಕಟ್ಟಿದ ಕೆರಿ, ಸುಮಾರು 50 ಹೆಕ್ಟೇರು, 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಕೆರಿ-ಜೌಗು ಜಾಗಗೋಳ ಪಟ್ಟಿಗೆ ಸೇರ್ತು, ಅದೇ ಹೊತ್ತಿಗೆ ಅಘನಾಶಿನಿ ಅಳಿವೆ, ಅಂಕಸಮುದ್ರ ಕೆರಿನೂ ಸೇರಿದ್ವು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಸಾವಿರಗಟ್ಟಲೆ ಚಳಿಗಾಲಕ್ಕ ಇಲ್ಲಿಗೆ ಬರ್ತಾವ. ಯಾಕ ಇಲ್ಲೇ? ನೀರು ಭಾಳ ಆಳ ಇಲ್ಲ, ದಂಡಿ ಬಯಲು, ನಾಯಿ ನರಿ ಬಂದ್ರ ದೂರದಿಂದ್ಲೇ ಕಾಣ್ತೈತಿ, ಸುತ್ತಲೂ ಕಡ್ಲಿ, ಶೇಂಗಾ ಹೊಲ. ಇಂಥಾ ಕೆರಿ ದಂಡಿಗೆ ಒತ್ತಾಗಿ ಗಿಡಾ ಹಚ್ಚಿ, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಮಾಡಿ ಲೈಟ್ ಹಾಕಿದ್ರ ನಮಗ ಛಂದ ಕಾಣ್ತೈತಿ, ಬಾತು ಇಳ್ಯಂಗಿಲ್ಲ. ಹುಬ್ಬಳ್ಳಿ-ಧಾರವಾಡದಾಗ ಕೆರಿ ಅಭಿವೃದ್ಧಿ ಅಂತ ಮಾತು ಬಂದಾಗೆಲ್ಲ ನನಗ ಇದ ಚಿಂತಿ.

ಹಂಗಂತ ಎಲ್ಲಾ ಕಡೆ ಗಿಡಾ ಬ್ಯಾಡ ಅಂತಲ್ಲ. ನಮ್ಮ ಗದಗ ಜಿಲ್ಲಾದ ಕಪ್ಪತಗುಡ್ಡದಾಗ ಹುಲ್ಲೂ ಐತಿ, ಕುರುಚಲು ಕಾಡೂ ಐತಿ, ಔಷಧಿ ಸಸ್ಯಕ್ಕಂತೂ ಹೆಸರಾಗಿದ್ದ ಗುಡ್ಡ. ಅಲ್ಲಿ ಕೆಲಸ ಅಂದ್ರ ಹಚ್ಚೋದಲ್ಲ, ಕಾಯೋದು. 2015ರಾಗ ಸಂರಕ್ಷಿತ ಪ್ರದೇಶ ಅಂತ ಮಾಡಿದ್ದನ್ನ ಸರ್ಕಾರ ಮರುವರ್ಷ ವಾಪಸ್ ತಗೊಂಡಾಗ ಗಣಿಗಾರಿಕಿ ಬರ್ತೈತಿ ಅಂತ ಮಂದಿ ಎದ್ರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗೋಳು ಮುಂದ ನಿಂತ್ರು, 2017ರಾಗ ಮತ್ತ ಘೋಷಣೆ ಆತು, 2019ರಾಗ 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆತು. ಈಗಿನ ತ್ರಾಸು ಬ್ಯಾಸಿಗಿ ಬೆಂಕಿ. ಹೊಸಾ ಹುಲ್ಲು ಬರ್ಲಿ ಅಂತ ಒಂದ್ ಕಡ್ಡಿ ಗೀರೋದು, ಗಾಳಿಗೆ ಅದು ಇಡೀ ಗುಡ್ಡ ಏರೋದು.

ಸಂಘದ ಹುಡುಗ್ರಿಗೆ ಕೈಗೆ ಕೆಲಸ ಬೇಕಂದ್ರ ಗಾಯರಾಣದಾಗೇ ಐತಿ. ಬಳ್ಳಾರಿ ಜಾಲಿ ಸಣ್ಣದಿದ್ದಾಗೇ ಬೇರು ಸಮೇತ ಕೀಳ್ರಿ, ದೊಡ್ಡದಾತಂದ್ರ ಕಡದಷ್ಟೂ ಚಿಗಿತೈತಿ. ಕೋಳಿ ಅಂಗಡಿ ಕಸಾ ಊರ ಹೊರಗ ಚೆಲ್ಲೋದು ನಿಲ್ಲಿಸ್ರಿ, ಅದನ್ನ ತಿಂದು ಬೆಳೆದ ನಾಯಿ ಹಿಂಡೇ ಚಿಗರಿ ಮರಿ ಹರಿಯೋದು, ತೋಳಕ್ಕ ರೋಗ ಹಚ್ಚೋದೂ ಅವ. ಕಟ್ಟಿ ಇಲ್ಲದ ಹಾಳು ಬಾವಿ ಇದ್ರ ಸುತ್ತ ಕಲ್ಲು ಒಟ್ರಿ, ರಾತ್ರಿ ಓಡೋಮುಂದ ಪ್ರಾಣಿಗೋಳು ಅದ್ರಾಗ ಬಿದ್ದು ಸಾಯ್ತಾವ. ಕುರಿ ದನಾ ಮೇಯೋದು ತಪ್ಪಲ್ಲ, ಮಿತಿಯಾಗಿದ್ರ ಹುಲ್ಲಿಗೂ ಅದು ಬೇಕು.

ಪಂಚಾಯ್ತಿ ಕಡೆ ಒಮ್ಮೆ ಹೋಗಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಐತೇನು, ಜನತಾ ಜೀವವೈವಿಧ್ಯ ದಾಖಲಾತಿ ಮಾಡ್ಯಾರೇನು ಕೇಳ್ರಿ, 2002ರ ಜೀವವೈವಿಧ್ಯ ಕಾಯ್ದಿ ಪ್ರಕಾರ ಅವು ಇರಬೇಕು. ಆ ದಾಖಲಾತಿ ಪುಸ್ತಕದಾಗ ನಿಮ್ಮ ಗಾಯರಾಣದ ಹುಲ್ಲು, ಹಕ್ಕಿ, ಪ್ರಾಣಿ ಹೆಸರು ಬರಸ್ರಿ. ಕಡತದಾಗ ಬಂಜರು ಅಂತಷ್ಟೇ ಇದ್ದ ಜಮೀನನ್ನ ನಾಳೆ ಸೋಲಾರಿಗೋ ಗಾಳಿ ಯಂತ್ರಕ್ಕೋ ಕೊಡೋದು ಸಸಾರ, ಅಲ್ಲಿ ತೋಳ ಐತಿ ಚಿಗರಿ ಐತಿ ಅಂತ ಬರದಿಟ್ಟಿದ್ರ ತಕರಾರು ಎತ್ತಾಕ ಕೈಯಾಗ ಒಂದ್ ಕಾಗದ ಇರ್ತೈತಿ. ಇನ್ನ ಚಿಗರಿ ಹೊಲಕ್ಕ ಬಂದು ಬೆಳಿ ಹಾಳು ಮಾಡಿದ್ರ ವಿಷ, ಉರುಲು, ಕರೆಂಟ್ ತಂತಿ ಅಂತ ಹೋಗಬ್ಯಾಡ್ರಿ, 1972ರ ವನ್ಯಜೀವಿ ಕಾಯ್ದಿ ಒಂದನೇ ಅನುಸೂಚಿಯಾಗಿದ್ದ ಪ್ರಾಣಿ ಅದು, ಜೈಲಾಗ್ತೈತಿ. ಫೋಟೋ ತಗದು ಅರಣ್ಯ ಇಲಾಖಿಗೆ ಅರ್ಜಿ ಕೊಡ್ರಿ, ಬೆಳಿ ಹಾನಿಗೆ ಪರಿಹಾರ ಐತಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೋಡಿ ಇಟ್ಕೊಂಡು ಹೋಗ್ರಿ, ಇಲ್ಲಾಂದ್ರ ಎರಡೆರಡು ಸಲ ಅಡ್ಡಾಡಬೇಕಾಗ್ತೈತಿ.